ಕಸ್ತೂರಿ ಕಂಡ ಕಡಲು

ಕಸ್ತೂರಿ ಸಮುದ್ರವನ್ನು ನೋಡಿಯೇ ಇಲ್ಲವೆಂದು ನಾನು ಸುಳ್ಳು ಹೇಳಿದೆ. ನಾಲ್ಕು ದಿನ ನನ್ನ ಪಕ್ಕದಲ್ಲೇ ಮರಳಿನ ಮೇಲೆ ಕೂತು ಅವಳು ಅದನ್ನು ನೋಡಿದ್ದಳು — ಕರೆದುಕೊಂಡು ಹೋದವಳೇ ನಾನು.

ಆಗ ನಾನು ಇಳಕಲ್ಲಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಕಸ್ತೂರಿ ನಮ್ಮ ಓಣಿಯ ನೇಕಾರರ ಮನೆಯವಳು. ಮಗ್ಗದ ಕೆಲಸ ಮುಗಿಸಿ ನನ್ನ ಹತ್ತಿರ ಚಿತ್ರ ಬರೆಯಲು ಬರುತ್ತಿದ್ದಳು. ಒಂದು ರಜೆಯಲ್ಲಿ ಕಾರವಾರದ ನನ್ನ ತಂಗಿಯ ಮನೆಗೆ ಅವಳನ್ನೂ ಕರೆದೊಯ್ದೆ. ತಿರುಗಿ ಬಂದು ಅವಳು ಐದು ಚಿತ್ರ ಬರೆದಳು. ಅಲೆಯಿಲ್ಲ, ತೆಂಗಿಲ್ಲ. ಅಡ್ಡಕ್ಕೆ ಮೂರೇ ಪಟ್ಟಿ — ಬೂದು, ಸುಣ್ಣದ ಬಿಳಿ, ಮಾಸಿದ ಅರಿಶಿನ. ಅಂಚಿನಲ್ಲಿ ಕಪ್ಪು ತ್ರಿಕೋನದಂಥ ಒಂದು ದೋಣಿ. ಎದುರು ನಿಂತರೆ ಪಾದದಡಿಯ ಮರಳು ಜಾರಿದಂತಾಗುತ್ತಿತ್ತು. ಇಪ್ಪತ್ತು ವರ್ಷ ಕುಂಚ ಹಿಡಿದರೂ ನನಗೆ ಅದು — ಒಮ್ಮೆಯೂ —

ಕರಾವಳಿಯ ಊರೊಂದರ ಪ್ರದರ್ಶನಕ್ಕೆ ಇಬ್ಬರ ಚಿತ್ರಗಳನ್ನೂ ಕಳಿಸಿದೆ. ಕಡಲನ್ನು ಸ್ವತಃ ಕಂಡು ಬರೆದ ಚಿತ್ರಗಳಿಗೆ ಮಾತ್ರ ಅಲ್ಲಿ ಜಾಗ. ನನ್ನವು ಬೇಡವಾದವು. ಅವಳವು ಪ್ರದರ್ಶನದವರಿಗೆ ಹಿಡಿಸಿದ್ದವು; ಅವಳು ಕಡಲು ಕಂಡವಳೇ ಎಂದು ಕೇಳಲು ನನಗೇ ಫೋನು ಮಾಡಿದರು.

"ಇಲ್ರಿ," ಅಂದೆ. "ಆಕಿ ಸಮುದ್ರ ನೋಡೇ ಇಲ್ರಿ. ನನ್ನ ಪುಸ್ತಕದಾಗಿನ ಚಿತ್ರ ನೋಡಿ ಬರದಾಳ."

ಚಿತ್ರಗಳು ವಾಪಸು ಬಂದವು, ಜೊತೆಗೆ ಒಂದು ಸಾಲು: ಇವು ಕಡಲು ಕಂಡವರ ಚಿತ್ರಗಳಲ್ಲ. ಕಸ್ತೂರಿ ಸಿಟ್ಟಾಗಬೇಕಿತ್ತು. ಆಗಲಿಲ್ಲ — ತನ್ನ ಕಣ್ಣನ್ನೇ ಅನುಮಾನಿಸಿದಳು.

"ಅವರು ದಿನಾ ಸಮುದ್ರ ನೋಡೋ ಮಂದಿ, ಅವರಿಗೆ ಗೊತ್ತಿರ್ತದ. ನಾನ ಬರೋಬರಿ ನೋಡಿಲ್ಲ ಕಾಣ್ತದರಿ, ಅಕ್ಕೋರ."

ಆ ವಾರದಲ್ಲೇ ಐದೂ ಚಿತ್ರಗಳ ಮೇಲೆ ನೀಲಿ ಬಳಿದಳು. ಅಲೆ ಬರೆದಳು, ನೊರೆ ಬರೆದಳು, ತೆಂಗಿನ ಮರ ನಿಲ್ಲಿಸಿದಳು. ಆ ನೀಲಿಯನ್ನು ಕಲಸಿ ಕೊಟ್ಟವಳು ನಾನು. ಬೇಡವೆನ್ನಲು ಬಾಯಿ ತೆರೆದೆ — ಯಾಕೆಂದು ಕೇಳಿದರೆ? ಮುಚ್ಚಿಕೊಂಡೆ. ಆಮೇಲೆ ಅವಳು ಕುಂಚ ಮುಟ್ಟಲಿಲ್ಲ.

ಹನ್ನೆರಡು ವರ್ಷ ಸುಮ್ಮನಿದ್ದೆ. ಹೋದ ತಿಂಗಳು ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ನೂಲು ಸುತ್ತುತ್ತಿದ್ದ ಅವಳ ಕೈ ನಿಂತಿತು. ಗೋಡೆಯ ಮೇಲಿನ ನೀಲಿ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಹಂಗಾರ ನಾ ನೋಡಿದ್ದು ಖರೇನ ಇತ್ತು," ಅಂದಳು. "ಮ್ಯಾಲಿನ ಬಣ್ಣ ತಗದ್ರ ಕೆಳಗಿಂದು ಉಳೀತದೇನ್ರಿ?"

"ಇಲ್ಲವ್ವಾ. ಎರಡೂ ಕೂಡೇ ಹೋಗ್ತಾವ."

ಅವಳು ಮತ್ತೆ ನೂಲು ಸುತ್ತತೊಡಗಿದಳು. ನಾನು ಎದ್ದರೂ ತಲೆ ಎತ್ತಲಿಲ್ಲ. ಅಷ್ಟು ವರ್ಷಗಳಲ್ಲಿ ಚಹಾ ಕುಡಿಯದೆ ಆ ಮನೆಯ ಹೊಸಿಲು ದಾಟಿದ್ದು ಅದೇ ಮೊದಲು.