ತ್ತಾನೆ, ತ್ತಾಳೆ, ತ್ತದೆ

ನನಗೆ ಎಪ್ಪತ್ತು ಹತ್ತಿರವಾಯಿತು. ಇಷ್ಟು ವರ್ಷಗಳಲ್ಲಿ ಮಾತಿನ ನಡುವೆ ಒಂದು ಸಲವೂ ನಾನು ‘ಬರುತ್ತಾನೆ’ ಎಂದವಳಲ್ಲ. ಉಡುಪಿ ಕಡೆಯವಳು. ಮನೆಯಲ್ಲಿ ತುಳು, ಕನ್ನಡ ಆಡುವಾಗ ‘ಬರ್ತಾನೆ’, ‘ಬರ್ತದೆ’. ಹಾಗಿದ್ದೂ ಅದೇ ಶಬ್ದವನ್ನು ಎಂಟು ವರ್ಷದ ಹುಡುಗಿಯೊಬ್ಬಳಿಗೆ ಕಲಿಸಲು ಹೋಗಿ ಪೇಚಿಗೆ ಸಿಕ್ಕಿಕೊಂಡೆ.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಭಾನುವಾರಗಳಂದು ಕುರ್ಲಾದ ಒಂದು ಚಾಳಿನ ಕೋಣೆಯಲ್ಲಿ ಮಕ್ಕಳಿಗೆ ಕನ್ನಡ ಬರೆಯಲು ಕಲಿಸುತ್ತೇನೆ. ಅಂಧೇರಿಯಿಂದ ಘಾಟ್ಕೋಪರ್‌ವರೆಗೆ ಮೆಟ್ರೋ, ಅಲ್ಲಿಂದ ಲೋಕಲ್ ರೈಲು. ಹತ್ತು ಹನ್ನೆರಡು ಮಕ್ಕಳು. ಹೆಚ್ಚಿನವರ ತಂದೆ ತಾಯಿ ವಿಜಯಪುರದ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರು. ಮಕ್ಕಳು ಶಾಲೆಯಲ್ಲಿ ಓದುವುದು ಹಿಂದಿಯಲ್ಲೋ ಮರಾಠಿಯಲ್ಲೋ. ಕನ್ನಡ ಮನೆಯದು ಮಾತ್ರ.

ಅ ಆ ಇ ಈ ಸುಲಭ. ಕಷ್ಟ ಬಂದದ್ದು ಕ್ರಿಯಾಪದದ ಬಾಲದಲ್ಲಿ. ‘ಬರುತ್ತಾನೆ’ಯನ್ನು ಒಬ್ಬ ‘ಬರತಾನ’ ಎಂದು ಬರೆದ, ಇನ್ನೊಬ್ಬಳು ‘ಬರುತಾನೆ’ ಎಂದು ಬರೆದಳು, ಮತ್ತೊಬ್ಬ ಭಯಕ್ಕೆ ಎರಡೆರಡು ಒತ್ತು ಇಳಿಬಿಟ್ಟ. ನಾನು ಬೋರ್ಡಿನ ಮೇಲೆ ರೈಲು ಬರೆದೆ. ‘ಬರು’ ಇಂಜಿನ್. ಹಿಂದೆ ‘ತ್ತಾನೆ’ ಎಂಬ ಡಬ್ಬಿ. ಅದನ್ನು ಕಳಚಿ ‘ತ್ತಾಳೆ’ ಜೋಡಿಸಿದರೆ ಲೇಡೀಸ್ ಡಬ್ಬಿ. “ಹಂಗಾರ ‘ತ್ತದೆ’ ಲಗೇಜ್ ಡಬ್ಬಿ!” ಎಂದು ಹಿಂದಿನ ಸಾಲಿನಿಂದ ಕೂಗಿದವಳು ರೇಣುಕಾ. ವ್ಯಾಕರಣದ ಯಾವ ಪಂಡಿತರಿಗೂ ಹೊಳೆಯದ ಹೆಸರು ಅದು. ಬಹಳ ಮೆಚ್ಚಿಕೊಂಡೆ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಮರುವಾರ ರೇಣುಕಾ ಕೂಡ ‘ಬರತಾನ’ ಎಂದು ಬರೆದಾಗ ನನ್ನೊಳಗಿನ ಬ್ಯಾಂಕ್ ಅಧಿಕಾರಿ ಎದ್ದು ಕೂತಳು. “‘ಬರ್ತಾನ’ ತಪ್ಪು. ಮನೆಯಲ್ಲೂ ಸರಿಯಾಗಿ ಮಾತಾಡಿ, ಆಗ ಬರೆಯುವುದು ತಾನಾಗಿ ಸರಿಹೋಗ್ತದೆ” ಎಂದೆ. ಹಾಗೆನ್ನುವಾಗ ನಾನೇ ‘ಹೋಗ್ತದೆ’ ಎಂದದ್ದು ನನ್ನ ಗಮನಕ್ಕೆ ಬರಲಿಲ್ಲ.

ಆಮೇಲೆ ಎರಡು ಭಾನುವಾರ ರೇಣುಕಾ ಬರಲಿಲ್ಲ. ಮೂರನೆಯ ಸಲ ಪಾಠ ಮುಗಿಸಿ ಅವಳ ಮನೆ ಹುಡುಕಿಕೊಂಡು ಹೋದೆ. ಅವಳ ತಾಯಿ ಮಾದೇವಿ ಬಾಗಿಲಲ್ಲಿ ಕೂತು ಬಟ್ಟೆ ಒಗೆಯುತ್ತಿದ್ದಳು. ಒಳಗೆ ಕರೆದು ಚಹಾ ಕೊಟ್ಟಳು. ರೇಣುಕಾ ಗೋಡೆಗೆ ಮುಖಮಾಡಿ ಕೂತಿದ್ದಳು.

“ಈಕಿ ಮನ್ಯಾಗ ಕನ್ನಡ ಮಾತಾಡೂದ ಬಿಟ್ಟಾಳ್ರೀ,” ಎಂದಳು ಮಾದೇವಿ. “ಏನ್ ಕೇಳಿದ್ರೂ ಹಿಂದೀನ. ಮೊನ್ನೆ ‘ಅಪ್ಪ ಬರ್ತಾನ, ಚಾಕ್ಕ ಇಡು’ ಅಂದ್ನಿ. ‘ಬರ್ತಾನ ತಪ್ಪು, ಟೀಚರ್ ಹೇಳ್ಯಾರ’ ಅಂದ್ಲು. ನೀವ ಹೇಳ್ರೀ. ಬರ್ತಾನ ಅಂದ್ರ ಅಂವ ಬರೂದಿಲ್ಲೇನು?”

ಚಹಾದ ಲೋಟ ಕೆಳಗಿಟ್ಟೆ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅನುಮಾನವಿತ್ತು. ತಾನು ಹುಟ್ಟಿನಿಂದ ತಪ್ಪನ್ನೇ ಆಡುತ್ತಿದ್ದೇನೋ ಎಂಬ ಅನುಮಾನ. ಒಬ್ಬ ತಾಯಿಗೂ ಮಗಳಿಗೂ ನಡುವಿದ್ದ ಒಂದೇ ಭಾಷೆಯನ್ನು ನಾನು ಒಂದು ಒತ್ತಕ್ಷರಕ್ಕಾಗಿ ಕೆಡಿಸಿಬಿಟ್ಟಿದ್ದೆ.

“ಅವನು ಬಂದೇ ಬರ್ತಾನೆ. ತಪ್ಪು ನನ್ನದು,” ಎಂದೆ.

ವಾಪಸು ಬರುವಾಗ ರೈಲಿನಲ್ಲಿ ಲೆಕ್ಕ ಹಾಕಿದೆ. ಹಳಗನ್ನಡದಲ್ಲಿ ಈ ಬರುವವನೇ ‘ಬರ್ಪಂ’ ಎಂದು ಬರುತ್ತಿದ್ದ. ಆಗ ತಕಾರದ ಸುಳಿವೇ ಇರಲಿಲ್ಲ. ನನ್ನ ತುಳುವಿನಲ್ಲಿ ಇವತ್ತಿಗೂ ಅವನು ‘ಬರ್ಪೆ’. ಬರುವವನು ಇಷ್ಟು ವೇಷ ಬದಲಿಸಿಕೊಂಡು ಸಾವಿರ ವರ್ಷಗಳಿಂದ ಬರುತ್ತಲೇ ಇದ್ದಾನೆ. ವಿಜಯಪುರದವರ ಮನೆಗೆ ಅವನು ಯಾವ ಅಂಗಿಯಲ್ಲಿ ಬರಬೇಕೆಂದು ಹೇಳಲು ನಾನು ಯಾರು?

ಮುಂದಿನ ಭಾನುವಾರ ರೇಣುಕಾ ಬಂದಳು. ಮಾದೇವಿಯೇ ಕೈಹಿಡಿದು ಕರೆತಂದು, ಬಾಗಿಲ ಬಳಿ ಕೂತಳು. ನಾನು ಮಕ್ಕಳಿಗೆ ನಿಜ ಹೇಳಿದೆ. ಬಾಯಿಗೆ ಒಂದು ಕನ್ನಡ, ಕೈಗೆ ಒಂದು ಕನ್ನಡ, ಎರಡೂ ಸರಿ. ನನ್ನ ಬಾಯಿಯೂ ಪುಸ್ತಕದಂತೆ ಆಡುವುದಿಲ್ಲ, ಬೇಕಾದರೆ ಹಿಡಿಯಿರಿ ಎಂದೆ. ಹಿಡಿದೇ ಹಿಡಿದರು. ಅರ್ಧ ಗಂಟೆಯಲ್ಲಿ ಹದಿನಾಲ್ಕು ಸಲ ಸಿಕ್ಕಿಬಿದ್ದೆ. ‘ಉಂಟು’ ಎಂದಾಗಲಂತೂ ಒಬ್ಬ ನೆಲಕ್ಕೆ ಉರುಳಿ ನಕ್ಕ. ನಂತರ ಆಟ ಶುರುವಾಯಿತು. ಮಾದೇವಿ ತನ್ನ ಮಾತಿನಲ್ಲಿ ಒಂದು ವಾಕ್ಯ ಹೇಳಬೇಕು, ಮಕ್ಕಳು ಅದನ್ನು ಬರವಣಿಗೆಯ ಕನ್ನಡಕ್ಕೆ ತರಬೇಕು. ಅವಳು ನಾಚಿಕೊಂಡು, “ಬೆಕ್ಕು ಹಾಲ ಕುಡಿತೈತಿ” ಎಂದಳು. ‘ಬೆಕ್ಕು ಹಾಲು ಕುಡಿಯುತ್ತದೆ’ ಎಂದು ಏಳು ಜನ ಸರಿಯಾಗಿ ಬರೆದರು. ಇಡೀ ವರ್ಷದಲ್ಲಿ ಅಷ್ಟು ಒತ್ತುಗಳು ಒಟ್ಟಿಗೆ ತಮ್ಮ ಜಾಗದಲ್ಲಿ ಕೂತದ್ದು ಅದೇ ಮೊದಲು.

ಕೊನೆಗೆ ಪ್ರತಿಯೊಬ್ಬರೂ ಸ್ವಂತದ ಒಂದು ವಾಕ್ಯ ಬರೆಯಿರಿ ಎಂದೆ. ರೇಣುಕಾ ಬರೆದಳು: ‘ನಮ್ಮ ಅವ್ವ ಇಟ್ಟಿಗೆ ಹೊರುತ್ತಾಳೆ.’ ಒಂದೂ ತಪ್ಪಿರಲಿಲ್ಲ. ಆದರೆ ಕಲಿಸುವವರಿಗೆ ಸುಮ್ಮನಿರುವುದು ಕಷ್ಟ.

“ತಾಯಿಯಲ್ವಾ, ‘ಹೊರುತ್ತಾರೆ’ ಅಂತ ಬರೆದರೆ ಮರ್ಯಾದೆ ಕೊಟ್ಟ ಹಾಗೆ ಆಗ್ತದೆ,” ಎಂದೆ.

ಅವಳು ವಾಕ್ಯವನ್ನು ನೋಡಿದಳು, ಬಾಗಿಲ ಬಳಿಯ ತಾಯಿಯನ್ನು ನೋಡಿದಳು.

“ಬ್ಯಾಡ್ರೀ ಟೀಚರ್,” ಎಂದಳು. “ಹಂಗ ಬರದ್ರ ಅಕಿ ಬ್ಯಾರೆ ಯಾರೋ ಆಗ್ತಾಳ.”

ಅಂದು ಉಳಿದ ಸಮಯದಲ್ಲಿ ‘ತ್ತಾರೆ’ಯ ಪಾಠ ಮಾಡಬೇಕೆಂದಿದ್ದೆ. ಮುಂದಿನ ವಾರಕ್ಕೆ ಇಟ್ಟೆ. ಆ ಪಾಠವನ್ನು ಮೊದಲು ನಾನು ಇನ್ನೊಮ್ಮೆ ಓದಿಕೊಳ್ಳಬೇಕಿತ್ತು.