ಎರಡನೇ ಸಲ ಅದುಮಿದ ಕೈ

ಶಿವಗಂಗಾ ಬಾಡಿಗೆ ಮನೆ ಕೇಳಿಕೊಂಡು ಮೊದಲ ಸಲ ನಾಗಸಂದ್ರದ ನಮ್ಮ ವಠಾರಕ್ಕೆ ಬಂದಾಗ ತಲೆ ಬಗ್ಗಿಸಿಕೊಂಡೇ ಬಾಗಿಲು ದಾಟಿದಳು. ಅಷ್ಟು ಎತ್ತರದ ಹೆಣ್ಣು. ಗದಗದ ಕಡೆಯವಳು. ಗರಡಿಮನೆ ಕಟ್ಟೆ ಮೇಲೆ ಕೂತು ಅಣ್ಣಂದಿರ ಪಟ್ಟು ನೋಡಿ ನೋಡಿ ಕುಸ್ತಿ ಕಲಿತವಳಂತೆ. ಜೊತೆಗೆ ಅದೇ ಊರಿನ ಮಹಾದೇವಿ. ಅವಳು ಗುಬ್ಬಿಯಂಗೆ ಹಗುರ. ಇಬ್ಬರೂ ಪೀಣ್ಯದಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಅಂತ ಬಂದು, ಆಮೇಲೆ ಚಿರಂಜೀವಿ ಅನ್ನೋನ ಕುಸ್ತಿ ಶೋಗೆ ಸೇರಿದರು. ಮುಚ್ಚಿಹೋದ ಒಂದು ಫ್ಯಾಕ್ಟರಿ ಶೆಡ್ಡಿನಲ್ಲಿ ರಿಂಗ್ ಹಾಕಿ, ಭಾನುವಾರ ಟಿಕೆಟ್ ಇಟ್ಟು ಆಡಿಸುತ್ತಿದ್ದ.

ಅದು ಊರ ಕುಸ್ತಿ ಅಲ್ಲ. ಗೆಲ್ಲೋರು ಯಾರು, ಬೀಳೋರು ಯಾರು ಅಂತ ಮೊದಲೇ ಮಾತಾಡಿಕೊಂಡಿರುತ್ತಾರೆ. ಯಾವಾಗಲೂ ಶಿವಗಂಗಾ ಎತ್ತಿ ಎಸೆಯೋಳು, ಮಹಾದೇವಿ ಬೀಳೋಳು. ಎತ್ತೋ ಮುಂಚೆ ಕೈ ಕೈ ಹಿಡಿಯುತ್ತಾರಲ್ಲ, ಆಗ ಬೀಳೋಳು ಜನಕ್ಕೆ ಕಾಣದಂಗೆ ಒಂದು ಸಲ ಅದುಮಿದರೆ ಎತ್ತು ಅಂತ. ಎರಡು ಸಲ ಅದುಮಿದರೆ ಬೇಡ, ನಿಲ್ಲು ಅಂತ. ಇದನ್ನು ನಮ್ಮ ಜಗಲಿ ಮೇಲೆ ನನಗೆ ಮಾಡಿ ತೋರಿಸಿದ್ದರು. ಮಹಾದೇವಿ ನನ್ನ ಕೈ ಎರಡು ಸಲ ಅದುಮಿ, "ಈಗ ನೀವು ನನ್ನ ಎತ್ತಂಗಿಲ್ಲ ನೋಡ್ರಿ ಅಮ್ಮಾರ" ಅಂದಳು. ಮಂಡಿ ನೋವಿನವಳು ನಾನು, ಎತ್ತಿದಂಗೇ ಇತ್ತು. ಮೂವರೂ ನಕ್ಕೆವು.

ಆಷಾಢದ ಒಂದು ಭಾನುವಾರ ಮಹಾದೇವಿ ಕತ್ತಿನ ಮೇಲೆ ಬಿದ್ದಳು. ಆಸ್ಪತ್ರೆಗೆ ಹೋದವಳು ಮತ್ತೆ ಕಣ್ಣು ಬಿಡಲಿಲ್ಲ.

ಪೊಲೀಸಿನವರು ಬಂದು ಕೇಳಿಕೊಂಡು ಹೋದರು. ಬೇಕೆಂದು ಮಾಡಿದ್ದಲ್ಲ ಅಂತ ಎಲ್ಲರೂ ಅಂದರು. ಚಿರಂಜೀವಿ ಶೋ ನಿಲ್ಲಿಸಿದ. ಮಹಾದೇವಿಯ ತಾಯಿ ಚನ್ನಕ್ಕ ಊರಿಂದ ಬಂದು ಶಿವಗಂಗಾಳನ್ನೇ ತಬ್ಬಿಕೊಂಡು ಅತ್ತಳು, ನೀ ಏನು ಮಾಡ್ತಿ ಬಿಡವ್ವ ಅಂದಳು. ಬೈದಿದ್ದರೆ ವಾಸಿ ಇತ್ತು ಅನ್ನಿಸಿತು ನನಗೆ, ಈ ಹುಡುಗಿ ಮುಖ ನೋಡಿ.

ಮಹಾದೇವಿಯ ಒಣಗಿದ ಬಟ್ಟೆ ಇನ್ನೂ ತಂತಿ ಮೇಲೇ ಇತ್ತು. ಅದನ್ನು ತೆಗೆಯುವಾಗ ಶಿವಗಂಗಾ ನನಗೆ ಹೇಳಿದಳು. ಮಹಾದೇವಿ ಒಂದು ಸಲ ಅದುಮಿದಳು, ಇವಳು ಎತ್ತಿದಳು. ಎತ್ತಿ ಎಸೆಯೋ ಹೊತ್ತಿಗೆ ಅವಳ ಕೈ ಇನ್ನೊಂದು ಸಲ ಅದುಮಿತು. ಅಷ್ಟರಲ್ಲಿ ತೋಳು ತಿರುಗಿಹೋಗಿತ್ತು.

ಶೋ ನೋಡಿದ್ದ ಯಾರೋ ಶಿವಗಂಗಾಳನ್ನು ಸೀರಿಯಲ್ಲಿಗೆ ಕರೆದರು. ಜೈಲು ವಾರ್ಡನ್ ಪಾತ್ರ. ನಾಲ್ಕು ದಿನಕ್ಕೆ ಅಂತ ಕರೆದವರು ವರ್ಷಗಟ್ಟಲೆ ಇಟ್ಟುಕೊಂಡರು. ಸೊಪ್ಪಿನ ಸೊಣ್ಣಮ್ಮ ದಾರಿಯಲ್ಲಿ ಅಡ್ಡಗಟ್ಟಿ, "ಏನ್ ವಾರ್ಡನ್ ಮೇಡಂ, ನಮ್ಮುನ್ನ ಯಾವಾಗ ಬಿಡುಗಡೆ ಮಾಡ್ತೀರ?" ಅನ್ನೋಳು. "ಮೆಂತ್ಯ ಅಗ್ಗಕ್ಕ ಕೊಟ್ಟ ಮ್ಯಾಲ" ಅಂತ ಇವಳು. ಹೊರಗೆ ಇಷ್ಟು ಚೆನ್ನಾಗಿದ್ದಳು.

ಒಳಗೆ ಬೇರೆ. ಅಕ್ಕಿ ಆರಿಸುವಾಗ, ಬಸ್ಸಿನ ಕಂಬಿ ಹಿಡಿದಾಗ, ಇದ್ದಕ್ಕಿದ್ದಂಗೆ ಬಲಗೈ ನೋಡಿಕೊಳ್ಳೋಳು. ಯಾರೋ ಅದುಮಿದಂಗೆ ಬೆರಳು ಮಡಿಸಿ, ಬಂತು ಅನ್ನೋಳು. ಅದು ಎರಡನೇದೇ ಅಂತ ಹೆಂಗೆ ಗೊತ್ತು ಅಂತ ಒಂದು ಸಲ ಕೇಳಿದೆ. ಮೊದಲನೇದು ಮೆತ್ತಗೆ ಇರ್ತಿತ್ತು, ಇದು ಉಗುರು ಊರೋ ಹಂಗೆ ಬರುತ್ತೆ ಅಂದಳು.

ಆಮೇಲೆ ಸಿನಿಮಾ ಬಂತು. ದೊಡ್ಡ ಪಾತ್ರ, ಹೆಂಗಸು ಪೈಲ್ವಾನ್. ಅದೊಂದು ಗೆದ್ದರೆ ಬಾಳು ನೆಲೆ ನಿಲ್ಲುತ್ತೆ ಅಂತ ಅವಳಿಗೂ ಗೊತ್ತಿತ್ತು, ನನಗೂ. ಶೂಟಿಂಗಿಗೆ ಅವರು ಹಿಡಿದಿದ್ದು ಮಹಾದೇವಿ ಬಿದ್ದ ಅದೇ ಶೆಡ್ಡು. ಒಬ್ಬಳೇ ಹೋಗಲಾರೆ ಅಂದಳು, ನಾನೂ ಹೋದೆ. ಹೀರೋಯಿನ್ ಆಶಾರಾಣಿಯನ್ನು ಇವಳು ಎತ್ತಿ ಎಸೆಯಬೇಕು. ಹಗ್ಗ ಕಟ್ಟಿದ್ದರು, ಕೆಳಗೆ ಹಾಸಿಗೆ ಹಾಕಿದ್ದರು. ಶಿವಗಂಗಾ ಆ ಹುಡುಗಿಯ ಕೈ ಹಿಡಿದು ನಿಂತಳು. ನಿಂತೇ ಇದ್ದಳು. ಊಟದ ಹೊತ್ತಾಯಿತು, ಎತ್ತಲಿಲ್ಲ. ಡೈರೆಕ್ಟರ್ ಶ್ರೀಧರ್ ಮೊದಮೊದಲು ಸಮಾಧಾನವಾಗಿ ಹೇಳಿದರು, ಆಮೇಲೆ ಬೇರೆಯವರನ್ನು ಕರೆಸ್ತೀನಿ ಅಂದರು.

"ಸರ್, ಅಕೀನ ನನ್ನ ಎತ್ತಲಿ. ನಾ ಬೀಳ್ತೀನಿ" ಅಂದಳು ಶಿವಗಂಗಾ.

ಲೈಟಿನ ಹುಡುಗರು ಕಿಸಕ್ಕನೆ ನಕ್ಕರು, ಈ ಕಡ್ಡಿ ಆ ಬೆಟ್ಟ ಎತ್ತೋದಾ ಅಂತ. ಶ್ರೀಧರ್ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ, ಹಗ್ಗ ಇವಳ ಸೊಂಟಕ್ಕೆ ಕಟ್ಟಿಸಿದರು. ಆಶಾರಾಣಿ ಕೈ ಹಿಡಿದಳು. ಹಿಂದೆ ಗಂಡಸರು ಹಗ್ಗ ಎಳೆದರು. ಅಷ್ಟು ದೊಡ್ಡ ಹೆಣ್ಣು ಮೇಲೆ ಹೋಗಿ ದೊಪ್ಪನೆ ಬಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ವಾಪಸು ಬರುವಾಗ ಆಟೋದಲ್ಲಿ ಅವಳ ಮುಖಕ್ಕೆ ಕಳೆ ಬಂದಿತ್ತು. "ಅಮ್ಮಾರ, ನನ್ನ ಯಾರೂ ಎಂದೂ ಎತ್ತಿದ್ದಿಲ್ರಿ. ಕಾಲು ನೆಲ ಬಿಟ್ಟ ಕೂಡಲೇ ಕೈ ತಾನ ಅದುಮಿತು. ನಾ ಏನೂ ಹೇಳಾಕ ಅದುಮಲಿಲ್ಲ, ಅಂಜಿಕೀಗೆ ಬಿಗೀತು ಅಷ್ಟ. ಮಹಾದೇವೀದೂ ಹಂಗ ಆಗಿರಬೇಕಲ್ರಿ?"

ಇರಬೇಕು ಕಣವ್ವ ಅಂದೆ.

ಮನೆಗೆ ಬಂದು ರೊಟ್ಟಿ ಬಡಿದು ಹೊಟ್ಟೆ ತುಂಬ ತಿಂದಳು. ಅವಳು ಹಂಗೆ ಉಂಡಿದ್ದು ನೋಡಿ ಬಹಳ ಕಾಲವಾಗಿತ್ತು. ತಟ್ಟೆ ತೊಳೆಯಲು ನಲ್ಲಿ ಹತ್ತಿರ ಕೂತವಳು ಹಾಗೇ ಕೂತುಬಿಟ್ಟಳು. ನೀರು ಹೋಗುತ್ತಲೇ ಇತ್ತು.

"ಅಕೀ ವಾರಾ ವಾರಾ ಮ್ಯಾಲ ಹೋಗಾಕೀರಿ" ಅಂದಳು. "ಅಕೀ ಎಂದೂ ಅಂಜಿದಾಕಿ ಅಲ್ಲ. ಮೊದಲೆಲ್ಲ ಒಂದ ಸಲ ಅದುಮ್ತಿದ್ಲು."

ನಾನು ಹೋಗಿ ನಲ್ಲಿ ನಿಲ್ಲಿಸಿದೆ.

ಸಿನಿಮಾ ಬಂತು, ಆ ಬೀಳೋ ಸೀನು ಜನ ಮೆಚ್ಚಿದರು. ಈಗ ಬೀಳೋ ಪಾತ್ರಕ್ಕೇ ಕರೀತಾರೆ. ಎಷ್ಟು ಎತ್ತರದಿಂದ ಬೇಕಾದರೂ ಬೀಳ್ತಾಳೆ. ಯಾರನ್ನೂ ಎತ್ತಲ್ಲ. ಪಕ್ಕದ ಮನೆ ಮಾರಕ್ಕ ಮೊಮ್ಮಗುವನ್ನು ಎತ್ತಿಕೋ ಅಂತ ಚಾಚಿದರೆ, ನೆಲದ ಮೇಲೆ ಕೂತು ಮಡಿಲಿಗೆ ಹಾಕಿಸಿಕೊಳ್ತಾಳೆ.

ನನ್ನ ಮಂಡಿ ಈಗ ಪೂರಾ ಹೋಗಿದೆ. ಮೆಟ್ರೋ ಸ್ಟೇಷನ್ ಮೆಟ್ಟಿಲು ಇಳಿಯೋ ಮುಂಚೆ ಅವಳು ನನ್ನ ಕೈ ಹಿಡೀತಾಳೆ. ನಾನು ಒಂದು ಸಲ ಅದುಮುತೀನಿ. ಆದರೂ ಅವಳು ಕಾಲು ಇಡಲ್ಲ. ಹಿಂದಿನವರು ಅಜ್ಜಿ ಸೈಡು, ಸೈಡು ಅಂತಾರೆ. ಎರಡನೇದು ಬರಲ್ಲ ಅಂತ ಅವಳಿಗೆ ಖಾತ್ರಿ ಆಗೋವರೆಗೂ ನಾವಿಬ್ಬರೂ ಅಲ್ಲೇ ನಿಂತಿರುತೀವಿ. ಆಮೇಲೆ ಇಳೀತೀವಿ.