ಹೊತ್ತು ಮುಳುಗಿದ ಮೇಲೆ ಬಂದ ಚಿತ್ರಕಥೆ

ಇವತ್ತು ಕಪಾಟು ಒರೆಸುವಾಗ ನನ್ನ ಹಳೆಯ ಚಿತ್ರಕಥೆ ಪುಸ್ತಕ ಕೈಗೆ ಸಿಕ್ಕಿತು. ಪತ್ರಿಕೆಯಲ್ಲಿ ದಿನಕ್ಕೊಂದು ತುಂಡಾಗಿ ಬರುತ್ತಿದ್ದ ಕಡಲುಗಳ್ಳರ ಕಥೆಯನ್ನು ಕತ್ತರಿಸಿ, ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಗೋಂದಿನಿಂದ ಅಂಟಿಸಿ, ನಾನೇ ಹೊಲಿದ ಪುಸ್ತಕ ಅದು.

ನಾನು ಚಿಕ್ಕವಳಿದ್ದಾಗ ನಮ್ಮೂರು ಮೂಡಬಿದ್ರೆಗೆ ಪತ್ರಿಕೆ ತರುತ್ತಿದ್ದುದು ಮಂಗಳೂರಿನ ಸಂಜೆ ಬಸ್ಸು. ನಾವು ಜೈನರು, ಹೊತ್ತು ಮುಳುಗುವ ಮೊದಲೇ ನಮ್ಮ ಊಟ ಮುಗಿಯಬೇಕು. ಕಥೆಯ ನಾಯಕ ಹಡಗಿನಿಂದ ನೀರಿಗೆ ಬಿದ್ದ ಮರುದಿನವೇ ಬಸ್ಸು ತಡವಾಯಿತು. ಹಟ ಹಿಡಿದು ಪೇಟೆಯಲ್ಲೇ ಕಾದೆ. ಪತ್ರಿಕೆ ಹಿಡಿದು ಓಡಿ ಬರುವಾಗ ಕತ್ತಲಾಗಿತ್ತು.

ಅಜ್ಜಿ ಬೈಯಲಿಲ್ಲ. ನನಗೆಂದು ಬಡಿಸಿಟ್ಟಿದ್ದ ಅನ್ನವನ್ನು ಮುಂದಿಟ್ಟರು.

"ಇದನ್ನು ಇನ್ನು ತಿನ್ನಲಿಕ್ಕಿಲ್ಲ ಮಗಾ. ಅಂಟಿಸಲಿಕ್ಕೆ ಆಗ್ತದೆ."

ದೀಪದ ಬುಡದಲ್ಲಿ ಕೂತು ಇಬ್ಬರೂ ಅಗುಳು ಅರೆದು ಚಿತ್ರ ಅಂಟಿಸಿದೆವು. ಓದು ಬಾರದ ಅಜ್ಜಿ, "ಅವ ಬದುಕಿದನಾ?" ಎಂದು ಕೇಳಿದರು.

"ಬದುಕಿದ. ಅಜ್ಜಿ, ನಿಮ್ಮದು ಊಟ ಆಯ್ತಾ?"

"ನೀನು ಬಾರದೆ ಹೇಗೆ ಉಣ್ಣುದು ಮಾರಾಯ್ತಿ?"

ಇವತ್ತು ಪುಸ್ತಕ ಬಿಡಿಸಿದರೆ ಗೋಂದಿನ ಚಿತ್ರಗಳೆಲ್ಲ ಮಡಿಲಿಗೆ ಉದುರಿದವು. ಅಗುಳಿನಿಂದ ಅಂಟಿಸಿದ ಅದೊಂದು ಮಾತ್ರ ಉಗುರು ಹಾಕಿದರೂ ಏಳಲಿಲ್ಲ.